ಅಕ್ಕನ ಬಯಾಪ್ಸಿ ರಿಪೋರ್ಟ್‌ನಲ್ಲಿ ‘ಪಿ16 ಪಾಸಿಟಿವ್’ ಅಂತ ಇದೆ. ಕ್ಯಾನ್ಸರ್ ತಡೆಯುವ ಪ್ರೋಟೀನ್ ಜಾಸ್ತಿ ಇದ್ದರೆ ಒಳ್ಳೆಯದಲ್ವಾ?

ತೋಟದಮನೆ | ಭಾನುವಾರ, ರಾತ್ರಿ 10:40

ಎಲ್ಲರಿಗೂ ನಮಸ್ಕಾರ. ನಾನು ಚನ್ನಗಿರಿ ತಾಲ್ಲೂಕಿನವಳು. ಸೂಳೆಕೆರೆ ನೀರು ಕುಡಿದು ಬೆಳೆದವಳು. ಓದಿದ್ದು ಕಾಮರ್ಸ್, ಈಗ ಒಂದು ಸಹಕಾರ ಸಂಘದಲ್ಲಿ ಲೆಕ್ಕ ಬರೆಯುತ್ತೇನೆ. ವಿಜ್ಞಾನ ಹತ್ತನೇ ಕ್ಲಾಸಿಗೇ ನಿಂತುಹೋಯಿತು. ಹಾಗಾಗಿ ದಯವಿಟ್ಟು ಬಿಡಿಸಿ ಹೇಳಿ.

ನನ್ನ ಅಕ್ಕನಿಗೆ 44 ವರ್ಷ. ಊರಿಗೆ ಬಂದ ತಪಾಸಣೆ ಕ್ಯಾಂಪಿನಲ್ಲಿ ಗರ್ಭಕೋಶದ ಬಾಯಿ ನೋಡಿ, ಅನುಮಾನ ಇದೆ ಅಂತ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಅಲ್ಲಿ ಸಣ್ಣ ಚೂರು ತೆಗೆದು ಬಯಾಪ್ಸಿಗೆ ಕೊಟ್ಟರು. ರಿಪೋರ್ಟ್‌ನಲ್ಲಿ ಹೀಗಿದೆ: ‘ಎಚ್‌ಎಸ್‌ಐಎಲ್, ಸಿಐಎನ್ 2. ಪಿ16 ಬ್ಲಾಕ್ ಪಾಸಿಟಿವ್.’ ಡಾಕ್ಟರ್ "ಇನ್ನೂ ಕ್ಯಾನ್ಸರ್ ಆಗಿಲ್ಲ, ಲೀಪ್ ಮಾಡಿ ಆ ಭಾಗ ತೆಗೆದುಬಿಡೋಣ" ಅಂದರು. ಹೊರಗೆ ಜನರ ಸಾಲು ಮೆಟ್ಟಿಲವರೆಗೂ ಇತ್ತು. ನಮಗೂ ಅಲ್ಲಿ ಬಾಯಿ ಬರಲಿಲ್ಲ.

ಮನೆಗೆ ಬಂದು ಮೊಬೈಲಿನಲ್ಲಿ ಹುಡುಕಿದೆ. ಪಿ16 ಅನ್ನೋದು ಕ್ಯಾನ್ಸರ್ ಆಗದಂತೆ ಕಾಯುವ ಪ್ರೋಟೀನ್ ಅಂತ ಒಂದು ಕಡೆ ಬರೆದಿದ್ದರು. ಇನ್ನೊಂದು ಕಡೆ, ಪಿ16 ಪಾಸಿಟಿವ್ ಅಂದರೆ ಗರ್ಭಕೋಶದ ಬಾಯಿಯ ಕ್ಯಾನ್ಸರ್ ತರಬಲ್ಲ ಎಚ್‌ಪಿವಿ ವೈರಸ್ ಇದೆ ಅಂತ ಅರ್ಥ ಅಂತ ಇತ್ತು. ಮೂರನೇ ಕಡೆ ಎಚ್‌ಪಿವಿ 16 ಅಂತ ಒಂದು ವೈರಸ್ಸೇ ಇದೆ! ಪಿ16 ಅಂದರೆ ಆ ವೈರಸ್ಸೇನಾ? ಕಾಯುವ ಪ್ರೋಟೀನ್ ಜಾಸ್ತಿ ಆಗಿದ್ದರೆ ಸಂತೋಷ ಪಡಬೇಕೋ, ಹೆದರಬೇಕೋ? ಒಂದು ವೈರಸ್ ನಮ್ಮ ಕೋಶದೊಳಗೆ ಹೋಗಿ ನಮ್ಮ ಪ್ರೋಟೀನ್ ಎಷ್ಟು ತಯಾರಾಗಬೇಕು ಅಂತ ಹೇಗೆ ತೀರ್ಮಾನ ಮಾಡುತ್ತದೆ?

ಇನ್ನೊಂದು ಮಾತು. ಅಕ್ಕನ ಗಂಡನ ಮನೆಯಲ್ಲಿ ಈ ವೈರಸ್ ‘ಹೇಗೆ ಬರುತ್ತೆ’ ಅಂತ ಯಾರೋ ಹೇಳಿಬಿಟ್ಟಿದ್ದಾರೆ. ಅಕ್ಕ ಮೂರು ದಿನದಿಂದ ಸರಿಯಾಗಿ ಊಟ ಮಾಡಿಲ್ಲ. ಅವಳಿಗೆ ಹೇಳಲು ನನಗೆ ಸರಿಯಾದ ಮಾತು ಬೇಕು.

ಸ್ಲೈಡ್‌ಮೇಜು | ಸೋಮವಾರ, ಬೆಳಿಗ್ಗೆ 6:15

ತಂಗಿ, ಮೊದಲು ಅಕ್ಕನಿಗೆ ಊಟ ಮಾಡಿಸಿ. ಡಾಕ್ಟರ್ ಹೇಳಿದ್ದು ಸರಿ. ಎಚ್‌ಎಸ್‌ಐಎಲ್, ಸಿಐಎನ್ 2 ಅಂದರೆ ಕ್ಯಾನ್ಸರ್ ಅಲ್ಲ, ಅದಕ್ಕೂ ಮೊದಲಿನ ಹಂತ. ಕೋಶಗಳು ದಾರಿ ತಪ್ಪಿವೆ, ಆದರೆ ತಮ್ಮ ಪದರ ದಾಟಿ ಒಳಗೆ ಇಳಿದಿಲ್ಲ. ಇಳಿಯುವ ಮೊದಲೇ ಸಿಕ್ಕಿದೆ. ಆ ಕ್ಯಾಂಪಿನವರಿಗೆ ನಾನು ಇಲ್ಲಿಂದಲೇ ಕೈ ಮುಗಿಯುತ್ತೇನೆ.

ನಾನು ಡಾಕ್ಟರ್ ಅಲ್ಲ. 21 ವರ್ಷದಿಂದ ಪೆಥಾಲಜಿ ಲ್ಯಾಬಿನಲ್ಲಿ ಟೆಕ್ನಿಷಿಯನ್. ನಿಮ್ಮ ಅಕ್ಕನದ್ದರಂಥ ಚೂರುಗಳು ದಿನವೂ ನನ್ನ ಮೇಜಿಗೆ ಬರುತ್ತವೆ. ಮೇಣದಲ್ಲಿ ಕೂರಿಸಿ, ಮೂರು ನಾಲ್ಕು ಮೈಕ್ರಾನ್ ದಪ್ಪಕ್ಕೆ ಸೀಳಿ, ಬೆಚ್ಚಗಿನ ನೀರಿನ ಮೇಲೆ ತೇಲಿಸಿ, ಗಾಜಿನ ಮೇಲೆ ಎತ್ತಿಕೊಳ್ಳುತ್ತೇನೆ. ಆಮೇಲೆ ಪಿ16ಗೆ ಮಾತ್ರ ಅಂಟುವ ಆಂಟಿಬಾಡಿ ಹಾಕುತ್ತೇವೆ. ಪಿ16 ಇದ್ದಲ್ಲಿ ಕಂದು ಬಣ್ಣ ಬರುತ್ತದೆ, ಇಲ್ಲದಲ್ಲಿ ನೀಲಿ ಉಳಿಯುತ್ತದೆ. ‘ಬ್ಲಾಕ್’ ಅನ್ನೋ ಪದ ನೋಡಿ ಏನೋ ಕಟ್ಟಿಕೊಂಡಿದೆ ಅಂತ ತುಂಬಾ ಜನ ಹೆದರುತ್ತಾರೆ. ಹಾಗಲ್ಲ. ಅಲ್ಲೊಂದು ಇಲ್ಲೊಂದು ಕೋಶ ಕಂದಾದರೆ ಅದಕ್ಕೆ ಬೆಲೆ ಇಲ್ಲ. ಬುಡದ ಸಾಲಿನಿಂದ ಮೇಲಕ್ಕೆ, ಎಲ್ಲೂ ಬಿಡದೆ, ಒಂದೇ ಸಮನೆ ಕಂದಾದರೆ ಅದು ಬ್ಲಾಕ್. ಸಿಐಎನ್ 2 ಹೌದೋ ಅಲ್ಲವೋ ಅಂತ ಡಾಕ್ಟರಿಗೆ ಅನುಮಾನ ಬಂದಾಗ ಈ ಬಣ್ಣ ನೋಡಿ ತೀರ್ಮಾನ ಮಾಡುತ್ತಾರೆ.

ಇನ್ನು ಹೆಸರಿನ ಗೊಂದಲ. ಪಿ16 ನಮ್ಮದೇ ಪ್ರೋಟೀನ್. ಅದರ ತೂಕ ಸುಮಾರು 16 ಕಿಲೋಡಾಲ್ಟನ್, ಅದಕ್ಕೇ ಆ ಹೆಸರು. ಎಚ್‌ಪಿವಿ 16ರಲ್ಲಿ ಇರುವ 16 ಅಂದರೆ ಆ ಕುಟುಂಬದಲ್ಲಿ ಗುರುತಿಸಿದ ಹದಿನಾರನೇ ವೈರಸ್. 1983ರಲ್ಲಿ ಜರ್ಮನಿಯ ಹೆರಾಲ್ಡ್ ತ್ಸುರ್ ಹೌಸೆನ್ ಅವರ ತಂಡ ಅದನ್ನು ಗರ್ಭಕೋಶದ ಬಾಯಿಯ ಕ್ಯಾನ್ಸರಿನಲ್ಲಿ ಪತ್ತೆ ಮಾಡಿತು. ಮರುವರ್ಷ ಎಚ್‌ಪಿವಿ 18 ಸಿಕ್ಕಿತು. 2008ರಲ್ಲಿ ಅವರಿಗೆ ನೊಬೆಲ್ ಬಂತು. ಎರಡು ಹದಿನಾರಕ್ಕೂ ಸಂಬಂಧ ಇಲ್ಲ, ಸುಮ್ನೆ ಒಂದೇ ಅಂಕಿ.

ಈಗ ನಿಮ್ಮ ನಿಜವಾದ ಪ್ರಶ್ನೆ. ನೀವು ಸೂಳೆಕೆರೆ ಕಡೆಯವರು, ಹಾಗಾಗಿ ಕೆರೆಯಿಂದಲೇ ಹೇಳುತ್ತೇನೆ. ಕೋಶ ಎರಡಾಗಲು ಬೇಕಾದ ಸಾಮಾನೆಲ್ಲ ತಯಾರು ಮಾಡಿಸುವ ಒಂದು ಪ್ರೋಟೀನ್ ಇದೆ, ಹೆಸರು ಇ2ಎಫ್. ಅದನ್ನು ಕೆರೆಯ ನೀರು ಅಂದುಕೊಳ್ಳಿ. ಅದನ್ನು ಹಿಡಿದು ನಿಲ್ಲಿಸಿರುವ ತೂಬಿನ ಬಾಗಿಲೇ ಆರ್‌ಬಿ ಅನ್ನೋ ಇನ್ನೊಂದು ಪ್ರೋಟೀನ್. ದೇಹಕ್ಕೆ ಹೊಸ ಕೋಶ ಬೇಕಾದಾಗ ಬಾಗಿಲು ಎತ್ತುವ ಆಳುಗಳಿದ್ದಾರೆ, ಅವು ಸಿಡಿಕೆ ಅನ್ನೋ ಕಿಣ್ವಗಳು. ಆ ಆಳುಗಳ ಕೈ ಹಿಡಿದು ‘ಈಗ ಬೇಡ, ಸಾಕು’ ಅನ್ನುವ ನೀರಗಂಟಿಯೇ ಪಿ16.

ವೈರಸ್ಸಿನ ಇ7 ಅನ್ನೋ ಪ್ರೋಟೀನ್ ಏನು ಮಾಡುತ್ತದೆ ಗೊತ್ತಾ? ಆಳುಗಳ ತಂಟೆಗೂ ಹೋಗಲ್ಲ, ನೀರಗಂಟಿಯ ತಂಟೆಗೂ ಹೋಗಲ್ಲ. ಸೀದಾ ಹೋಗಿ ತೂಬಿನ ಬಾಗಿಲನ್ನೇ ಕಿತ್ತುಹಾಕುತ್ತದೆ. ಪ್ರೋಟೀನ್ ಅಂದರೆ ಅಮೈನೋ ಆಮ್ಲಗಳ ಸರ. ಎಚ್‌ಪಿವಿ 16ರ ಇ7 ಬರೀ 98 ಮಣಿಗಳ ಸರ. ನಮ್ಮ ಆರ್‌ಬಿ 928 ಮಣಿಗಳದ್ದು. ಆದರೂ ಅದು ಆರ್‌ಬಿಗೆ ಸರಿಯಾದ ಜಾಗದಲ್ಲಿ ಕಚ್ಚಿಕೊಂಡು ಅದನ್ನು ಒಡೆಯಲು ಕಳಿಸಿಬಿಡುತ್ತದೆ.

ನೀರು ಹರಿಯುತ್ತಲೇ ಇರುತ್ತದೆ. ಕೋಶಕ್ಕೆ ಇದು ತಿಳಿಯುತ್ತದೆ. ಏನೋ ಮಿತಿ ಮೀರಿದೆ ಅಂತ ನೀರಗಂಟಿಗಳನ್ನು ಕಳಿಸುತ್ತದೆ. ಹತ್ತು, ನೂರು, ಸಾವಿರ. ಪಿ16 ತಯಾರಿಕೆ ಏರುತ್ತಲೇ ಹೋಗುತ್ತದೆ. ಅವರೆಲ್ಲ ಬಂದು ಆಳುಗಳ ಕೈ ಗಟ್ಟಿಯಾಗಿ ಹಿಡಿದು ನಿಲ್ಲುತ್ತಾರೆ. ಆದರೆ ಬಾಗಿಲೇ ಇಲ್ಲವಲ್ಲ! ನಮ್ಮ ಸ್ಲೈಡಿನ ಮೇಲೆ ಕಾಣುವ ಕಂದು ಬಣ್ಣ ಆ ನೀರಗಂಟಿಗಳ ಗುಂಪು. ಕಾಯುವ ಪ್ರೋಟೀನ್ ನಿಜವಾಗಿ ಕಾಯುತ್ತಿರುವಾಗ ಇಷ್ಟು ಜನ ಬೇಕಾಗಲ್ಲ.

ಹಾಗಾಗಿ ಪಿ16 ಪಾಸಿಟಿವ್ ಅಂದಾಗ ನಾವು ವೈರಸ್ಸನ್ನು ನೋಡಿರುವುದಿಲ್ಲ. ವೈರಸ್ಸಿಗೆ ನಿಮ್ಮ ಅಕ್ಕನ ಕೋಶ ಕೊಟ್ಟ ಉತ್ತರವನ್ನು ನೋಡಿರುತ್ತೇವೆ. ಆ ಸ್ಲೈಡು ಹಿಡಿದಾಗಲೆಲ್ಲ ನನಗೆ ಮನಸ್ಸು ಭಾರವಾಗುತ್ತದೆ. ಆ ಕೋಶಗಳು ಕೈ ಕಟ್ಟಿ ಕೂತಿಲ್ಲ, ತಮ್ಮಿಂದ ಆಗುವುದನ್ನೆಲ್ಲ ಮಾಡುತ್ತಿವೆ.

ಕೋಶವಾಸಿ | ಸೋಮವಾರ, ಮಧ್ಯಾಹ್ನ 1:50

ಸ್ಲೈಡ್‌ಮೇಜು ಅವರು ಇ7 ಕಥೆಯನ್ನು ಎಷ್ಟು ಚೆನ್ನಾಗಿ ಹೇಳಿದರು! ನಾನು ಧಾರವಾಡದವನು, ಈಗ ಇಂಗ್ಲೆಂಡಿನಲ್ಲಿ ವೈರಸ್‌ಗಳ ಮೇಲೆ ಪಿಎಚ್‌ಡಿ ಮಾಡುತ್ತಿದ್ದೇನೆ. ವೈರಸ್ಸಿನ ಇನ್ನೊಂದು ಪ್ರೋಟೀನ್ ಇ6 ಬಗ್ಗೆ ಒಂದೆರಡು ಮಾತು ಸೇರಿಸುತ್ತೇನೆ, ಅದಿಲ್ಲದೆ ಕಥೆ ಅರ್ಧ.

ತೂಬು ಕಿತ್ತುಹೋದರೆ ಕೋಶದ ಬಳಿ ಇನ್ನೊಂದು ಉಪಾಯ ಇರುತ್ತದೆ. ಪಿ53 ಅನ್ನೋ ಪ್ರೋಟೀನ್ ಎದ್ದು ನಿಂತು ಕೆಲಸ ನಿಲ್ಲಿಸುತ್ತದೆ, ಇಲ್ಲವೇ ಕೋಶವನ್ನೇ ಸಾಯಿಸುತ್ತದೆ. ವೈರಸ್ಸಿಗೆ ಇದು ಬೇಡ. ಅದಕ್ಕೇ ಇ6 ಇದೆ. ಇ6 ನಮ್ಮದೇ ಕೋಶದ ಇ6ಎಪಿ ಅನ್ನೋ ಪ್ರೋಟೀನನ್ನು ಜೊತೆಗೆ ಸೇರಿಸಿಕೊಂಡು ಪಿ53 ಮೇಲೆ ಯುಬಿಕ್ವಿಟಿನ್ ಅನ್ನೋ ಚೀಟಿ ಅಂಟಿಸುತ್ತದೆ. ನಮ್ಮ ಕೋಶದಲ್ಲಿ ಆ ಚೀಟಿಗೆ ಒಂದೇ ಅರ್ಥ: ಇದು ಕಸ, ಪುಡಿ ಮಾಡಿ. ಪ್ರೋಟಿಯಸೋಮ್ ಅನ್ನೋ ಯಂತ್ರ ಪುಡಿ ಮಾಡುತ್ತದೆ.

ಇಲ್ಲಿ ಒಂದು ಸೂಕ್ಷ್ಮ ಇದೆ. ಬೇರೆ ಎಷ್ಟೋ ಕ್ಯಾನ್ಸರ್‌ಗಳಲ್ಲಿ ಪಿ53ರ ಜೀನ್ ಕೆಟ್ಟಿರುತ್ತದೆ. ಗರ್ಭಕೋಶದ ಬಾಯಿಯ ಕ್ಯಾನ್ಸರಿನಲ್ಲಿ ಸಾಮಾನ್ಯವಾಗಿ ಆ ಜೀನ್ ಸರಿಯಾಗೇ ಇರುತ್ತದೆ. ಕೋಶದಲ್ಲಿ ಪ್ರೋಟೀನ್ ತಯಾರಿಸುವ ಯಂತ್ರ, ಅಂದರೆ ರೈಬೋಸೋಮ್, ಪಿ53 ತಯಾರಿಸುತ್ತಲೂ ಇರುತ್ತದೆ. ತಯಾರಾದದ್ದು ಉಳಿಯುವುದಿಲ್ಲ, ಅಷ್ಟೇ. ತೋಟದಮನೆ ಅವರೇ, ನೀವು ಲೆಕ್ಕ ಬರೆಯುವವರು, ನಿಮಗೆ ಇದು ಬೇಗ ಹಿಡಿಯುತ್ತದೆ. ಜಮೆ ಮೊದಲಿನಷ್ಟೇ ಇದೆ, ಖರ್ಚು ಏರಿದೆ, ಬಾಕಿ ಸೊನ್ನೆ. ಒಂದು ಪ್ರೋಟೀನ್ ಎಷ್ಟಿದೆ ಅನ್ನೋದು ತಯಾರಿಕೆಯಿಂದ ಮಾತ್ರ ಗೊತ್ತಾಗುವುದಿಲ್ಲ. ವೈರಸ್‌ಗೆ ಎರಡೂ ಕಡೆ ಕೈ ಹಾಕಲು ಬರುತ್ತದೆ.

ಈ ಇ6, ಇ7 ತಯಾರಾಗುವುದು ಎಲ್ಲಿ? ವೈರಸ್‌ಗೆ ಸ್ವಂತ ರೈಬೋಸೋಮ್ ಇಲ್ಲ. ಇರುವುದು ಸುಮಾರು 7,900 ಅಕ್ಷರಗಳ ಡಿಎನ್‌ಎ ಉಂಗುರ. ನಮ್ಮ ಡಿಎನ್‌ಎ 300 ಕೋಟಿ ಅಕ್ಷರ. ಅಷ್ಟು ಚಿಕ್ಕ ಜಾಗದಲ್ಲಿ ವೈರಸ್ ಬಹಳ ಜಿಪುಣತನದಿಂದ ಬರೆದುಕೊಂಡಿದೆ. ಎಚ್‌ಪಿವಿ 16ರಲ್ಲಿ ಇ6 ಮತ್ತು ಇ7 ಎರಡಕ್ಕೂ ಒಂದೇ ಆರ್‌ಎನ್‌ಎ, ಅಂದರೆ ಪ್ರೋಟೀನ್ ತಯಾರಿಸಲು ಡಿಎನ್‌ಎಯಿಂದ ಮಾಡಿಕೊಂಡ ನಕಲು. ಅದನ್ನು ಹಾಗೇ ಬಿಟ್ಟರೆ ಇ6 ಸಿಗುತ್ತದೆ. ನಡುವೆ ಒಂದು ತುಂಡು ಕತ್ತರಿಸಿ ಹೊಲಿದರೆ ಇ7 ಚೆನ್ನಾಗಿ ತಯಾರಾಗುತ್ತದೆ. ಕತ್ತರಿ, ಸೂಜಿ ಎಲ್ಲ ನಮ್ಮ ಕೋಶದ್ದೇ.

ವೈರಸ್ಸಿನಲ್ಲೇ ಇ2 ಅನ್ನೋ ಇನ್ನೊಂದು ಪ್ರೋಟೀನ್ ಇದೆ. ಅದು ಇ6, ಇ7ರ ತಯಾರಿಕೆಯನ್ನು ಹದ್ದುಬಸ್ತಿನಲ್ಲಿ ಇಡುತ್ತದೆ. ವರ್ಷಗಳು ಕಳೆದಂತೆ ಕೆಲವು ಕೋಶಗಳಲ್ಲಿ ಉಂಗುರ ತುಂಡಾಗಿ ನಮ್ಮ ಡಿಎನ್‌ಎ ಒಳಗೆ ಸೇರಿಕೊಳ್ಳುತ್ತದೆ. ಎಷ್ಟೋ ಸಲ ತುಂಡಾಗುವುದು ಇ2 ಇರುವ ಜಾಗದಲ್ಲೇ. ಆಮೇಲೆ ಇ6, ಇ7ಗೆ ಹೇಳುವವರು ಕೇಳುವವರು ಇಲ್ಲ.

2000ದಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಒಂದು ಪ್ರಯೋಗ ಪ್ರಕಟವಾಯಿತು. ಹೀಲಾ ಕೋಶಗಳ ಬಗ್ಗೆ ಕೇಳಿರಬಹುದು. 1951ರಲ್ಲಿ ಬಾಲ್ಟಿಮೋರಿನಲ್ಲಿ ಹೆನ್ರಿಯೆಟ್ಟಾ ಲ್ಯಾಕ್ಸ್ ಎಂಬ ಹೆಣ್ಣುಮಗಳ ಗರ್ಭಕೋಶದ ಬಾಯಿಯಿಂದ, ಅವರನ್ನು ಕೇಳದೆಯೇ, ತೆಗೆದಿಟ್ಟ ಕೋಶಗಳು. ಅವರು ಅದೇ ವರ್ಷ ತೀರಿಕೊಂಡರು. ಕೋಶಗಳು ಮಾತ್ರ ಇವತ್ತಿಗೂ ಲ್ಯಾಬ್‌ಗಳಲ್ಲಿ ಬೆಳೆಯುತ್ತಿವೆ. ಅವುಗಳ ಒಳಗೆ ಎಚ್‌ಪಿವಿ 18 ಇದೆ. ಯೇಲ್‌ನವರು ಆ ಕೋಶಗಳಿಗೆ ಇ2 ಮತ್ತೆ ಕೊಟ್ಟರು. ಇ6, ಇ7 ನಿಂತವು. ಪಿ53 ವಾಪಸ್ ಬಂತು, ಆರ್‌ಬಿ ವಾಪಸ್ ಬಂತು, ಕೋಶಗಳು ಬೆಳೆಯುವುದನ್ನು ಬಿಟ್ಟು ಮುದಿಯಾದವು. ಹತ್ತಿರ ಹತ್ತಿರ 50 ವರ್ಷ! ಅಷ್ಟು ವರ್ಷ ಕಾವಲುಗಾರರು ಅಲ್ಲೇ ಇದ್ದರು, ಎದ್ದೇಳಲು ಬಿಟ್ಟಿರಲಿಲ್ಲ. ಆ ಲೇಖನ ಓದಿದ ದಿನ ನಾನು ಈ ಕೆಲಸವೇ ಮಾಡಬೇಕು ಅಂತ ತೀರ್ಮಾನ ಮಾಡಿದೆ.

ಬೇರೆ ಕ್ಯಾನ್ಸರ್ ವೈರಸ್‌ಗಳ ದಾರಿ ಬೇರೆ. ಕಪೋಸಿ ಸಾರ್ಕೋಮಾ ಅನ್ನೋ ಕ್ಯಾನ್ಸರ್ ತರುವ ಹರ್ಪಿಸ್ ವೈರಸ್ ಎಸ್‌ಒಎಕ್ಸ್ ಅನ್ನೋ ಪ್ರೋಟೀನಿನಿಂದ ನಮ್ಮ ಆರ್‌ಎನ್‌ಎಗಳನ್ನೇ ಕತ್ತರಿಸಿ ಹಾಕುತ್ತದೆ. ಅದೇ ವೈರಸ್ ರೈಬೋಸೋಮ್‌ನ ರಚನೆಯನ್ನೇ ತನಗೆ ಬೇಕಾದಂತೆ ಸ್ವಲ್ಪ ಬದಲಿಸಿಕೊಳ್ಳುತ್ತದೆ ಅಂತ 2023ರಲ್ಲಿ ಲೀಡ್ಸ್ ವಿಶ್ವವಿದ್ಯಾಲಯದ ತಂಡ ತೋರಿಸಿತು. ನಿಮ್ಮ ಅಕ್ಕನಿಗೆ ಇವು ಯಾವುದೂ ಸಂಬಂಧ ಇಲ್ಲ. ‘ಹೇಗೆ ತೀರ್ಮಾನ ಮಾಡುತ್ತದೆ’ ಅಂತ ನೀವು ಕೇಳಿದ್ದಕ್ಕೆ ಹೇಳಿದೆ.

ತೋಟದಮನೆ | ಸೋಮವಾರ, ರಾತ್ರಿ 9:30

ಇಬ್ಬರಿಗೂ ಎಷ್ಟು ಧನ್ಯವಾದ ಹೇಳಲಿ? ಎರಡು ಸಲ ಓದಿದೆ, ಇ2ಎಫ್ ಮತ್ತು ಇ2 ಬೇರೆ ಬೇರೆ ಅಂತ ಎರಡನೇ ಸಲಕ್ಕೆ ಗೊತ್ತಾಯಿತು. ಒಂದು ನಮ್ಮದು, ಒಂದು ವೈರಸ್ಸಿನದು, ಅಲ್ವಾ?

ಇನ್ನೆರಡು ಪ್ರಶ್ನೆ. ಅಕ್ಕನಿಗೆ ಎಚ್‌ಪಿವಿ ಲಸಿಕೆ ಹಾಕಿಸಿದರೆ ಈ ಕೋಶಗಳು ಸರಿಹೋಗುತ್ತವಾ? ಮತ್ತೆ ಆ ಗಂಡನ ಮನೆಯ ಮಾತಿಗೆ ಏನು ಉತ್ತರ ಕೊಡಲಿ?

ಕೋಶವಾಸಿ | ಸೋಮವಾರ, ರಾತ್ರಿ 11:05

ಹೌದು, ಇ2ಎಫ್ ನಮ್ಮದು, ಇ2 ವೈರಸ್ಸಿನದು.

ಈಗಿರುವ ಲಸಿಕೆ ಆ ಕೋಶಗಳನ್ನು ಸರಿ ಮಾಡುವುದಿಲ್ಲ. ಕಾರಣ ಮತ್ತೆ ಪ್ರೋಟೀನ್ ತಯಾರಿಕೆಯಲ್ಲೇ ಇದೆ. ಲಸಿಕೆ ನಮ್ಮ ದೇಹಕ್ಕೆ ತೋರಿಸುವುದು ಎಲ್1 ಅನ್ನೋ ಪ್ರೋಟೀನನ್ನು, ಅಂದರೆ ವೈರಸ್ಸಿನ ಹೊರಗಿನ ಚಿಪ್ಪನ್ನು. ಚಿಪ್ಪು ಖಾಲಿ, ಒಳಗೆ ಡಿಎನ್‌ಎ ಇಲ್ಲ. ಆದರೆ ಬುಡದ ಪದರದ ಕೋಶಗಳಲ್ಲಿ ವೈರಸ್ ಎಲ್1 ತಯಾರಿಸುವುದೇ ಇಲ್ಲ. ಎಲ್1ನ ಜೀನ್ ನಮ್ಮ ಕೋಶಗಳು ಕಡಿಮೆ ಬಳಸುವ ಸಂಕೇತಗಳಲ್ಲಿ ಬರೆದಿದೆ. ಅದು ತಯಾರಾಗುವುದು ಮೇಲಿನ, ಇನ್ನೇನು ಉದುರಿಹೋಗುವ ಪದರದಲ್ಲಿ. ಅಲ್ಲಿಗೆ ನಮ್ಮ ರಕ್ಷಣಾ ಪಡೆಯ ಕಣ್ಣು ಅಷ್ಟಾಗಿ ಹೋಗುವುದಿಲ್ಲ. ಹಾಗಾಗಿ ಲಸಿಕೆಯಿಂದ ಹುಟ್ಟಿದ ಆಂಟಿಬಾಡಿ ಹೊಸದಾಗಿ ಬರುವ ವೈರಸ್ಸನ್ನು ಬಾಗಿಲಲ್ಲೇ ಹಿಡಿಯುತ್ತದೆ. ಆಗಲೇ ಒಳಗೆ ಕೂತು ಇ6, ಇ7 ಮಾಡಿಸುತ್ತಿರುವುದನ್ನು ಹಿಡಿಯಲು ಅದಕ್ಕೆ ಆಗುವುದಿಲ್ಲ. ಅಂಥ ಕೋಶಗಳನ್ನು ತೆಗೆಯಲೇಬೇಕು. ಲೀಪ್ ಮಾಡುವುದು ಅದನ್ನೇ.

ನರ್ಸಮ್ಮ | ಮಂಗಳವಾರ, ಬೆಳಿಗ್ಗೆ 7:20

ಗಂಡನ ಮನೆಯ ಮಾತಿಗೆ ನಾನು ಉತ್ತರ ಕೊಡುತ್ತೇನೆ. ಹಳ್ಳಿ ಹಳ್ಳಿಗೆ ಹೋಗಿ ಈ ತಪಾಸಣೆ ಮಾಡಿಸುವವಳು ನಾನು. ಈ ಮಾತು ನೂರು ಮನೆಯಲ್ಲಿ ಕೇಳಿದ್ದೇನೆ. ಪರೀಕ್ಷೆಗೆ ಬರಲು ಹೆಂಗಸರು ಹೆದರುವುದು ಕಾಯಿಲೆಗಿಂತ ಈ ಮಾತಿಗೆ.

ಗಟ್ಟಿಯಾಗಿ ಹೇಳಿ. ಮದುವೆಯಾದ ಹೆಣ್ಣು ಗಂಡು ಯಾರಿಗೇ ಆಗಲಿ ಲೈಂಗಿಕ ಸಂಪರ್ಕದಿಂದ ಬರುವ ಈ ವೈರಸ್ ಜೀವನದಲ್ಲಿ ಒಮ್ಮೆಯಾದರೂ ತಗಲುವುದು ತೀರಾ ಸಾಮಾನ್ಯ. ಹೆಚ್ಚಿನವರಲ್ಲಿ ಎರಡು ವರ್ಷದೊಳಗೆ ದೇಹವೇ ಅದನ್ನು ಓಡಿಸುತ್ತದೆ, ಬಂದು ಹೋದದ್ದೂ ಗೊತ್ತಾಗಲ್ಲ. ಕೆಲವರಲ್ಲಿ ಉಳಿದುಕೊಳ್ಳುತ್ತದೆ. ಉಳಿದು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ 15ರಿಂದ 20 ವರ್ಷ ಬೇಕು. ಯಾರಿಂದ ಬಂತು, ಯಾವಾಗ ಬಂತು ಅಂತ ಯಾವ ಲ್ಯಾಬೂ ಹೇಳಲಾರದು. ಹೊಸ ಮದುವೆಯ ಕಾಲದಲ್ಲಿ ಗಂಡನಿಂದಲೇ ಬಂದಿರಬಹುದು, ಅವನಿಗೂ ಗೊತ್ತಿರಲಾರದು. ಇದರಲ್ಲಿ ನಡತೆಯ ಮಾತೇ ಇಲ್ಲ. ಬೇಕಾದರೆ ನಿಮ್ಮ ಭಾವನನ್ನು ಒಮ್ಮೆ ಡಾಕ್ಟರ ಮುಂದೆ ಕೂರಿಸಿ, ಅವರ ಬಾಯಿಂದಲೇ ಕೇಳಿಸಿ.

ಅಕ್ಕನಿಗೆ ಮಗಳಿದ್ದರೆ ಲಸಿಕೆ ಮರೆಯಬೇಡಿ. 9ರಿಂದ 14 ವರ್ಷದ ಹೆಣ್ಣುಮಕ್ಕಳಿಗೆ ಒಂದು ಅಥವಾ ಎರಡು ಡೋಸ್ ಸಾಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲೇ ಹೇಳಿದೆ. ಪುಣೆಯಲ್ಲಿ ತಯಾರಾಗುವ ನಮ್ಮ ದೇಶದ ಲಸಿಕೆಯೂ ಇದೆ. ನೀವೂ ಪರೀಕ್ಷೆ ಮಾಡಿಸಿಕೊಳ್ಳಿ ತಂಗಿ. 30 ದಾಟಿದ್ದರೆ ನಾಳೆಯೇ ಹೋಗಿ.

ತೋಟದಮನೆ | ಬುಧವಾರ, ರಾತ್ರಿ 10:10

ಇವತ್ತು ಅಕ್ಕನ ಮನೆಗೆ ಹೋಗಿದ್ದೆ. ಜಗಲಿ ಮೇಲೆ ಕೂರಿಸಿಕೊಂಡು ಕೆರೆ, ತೂಬು, ನೀರಗಂಟಿ ಎಲ್ಲ ಹೇಳಿದೆ. ನಮ್ಮ ಅಜ್ಜನ ಕಾಲದಲ್ಲಿ ನಮ್ಮೂರ ಕೆರೆಗೆ ನೀರಗಂಟಿ ಇದ್ದರು, ಅಕ್ಕ ಅವರನ್ನು ನೋಡಿದ್ದಾಳೆ, ನಾನು ನೋಡಿಲ್ಲ. ಸುಮಾರು ಹೊತ್ತು ಸುಮ್ಮನಿದ್ದಳು. ಆಮೇಲೆ "ಹಂಗಾದ್ರೆ ನನ್ ಮೈ ನನ್ ಕಡೇನೇ ಐತಾ?" ಅಂದಳು. ನನಗೆ ಗಂಟಲು ಕಟ್ಟಿತು, ಹೌದು ಅಂತ ತಲೆ ಆಡಿಸಿದೆ. ರಾತ್ರಿ ಎರಡು ಮುದ್ದೆ ಉಂಡಳು.

ಭಾವನಿಗೆ ನರ್ಸಮ್ಮನವರ ಬರಹವನ್ನು ಓದಿ ಹೇಳಿದೆ. ಏನೂ ಮಾತಾಡಲಿಲ್ಲ. ಆದರೆ ಶುಕ್ರವಾರ ಲೀಪ್‌ಗೆ ತಾನೇ ಕರೆದುಕೊಂಡು ಹೋಗುತ್ತೇನೆ ಅಂದಿದ್ದಾರೆ. ಅವರ ಮಗಳು ಏಳನೇ ಕ್ಲಾಸು, ಲಸಿಕೆ ಬಗ್ಗೆಯೂ ಅವತ್ತೇ ಕೇಳಿಕೊಂಡು ಬರುತ್ತಾರೆ. ನನಗೆ 37, ನಾನೂ ಜೊತೆಗೆ ಹೋಗಿ ಪರೀಕ್ಷೆ ಮಾಡಿಸುತ್ತೇನೆ.

ಸ್ಲೈಡ್‌ಮೇಜು ಅವರೇ, ಲೀಪ್ ಆದಮೇಲೆ ಮತ್ತೆ ರಿಪೋರ್ಟ್ ಬರುತ್ತದಂತೆ. ಅದರಲ್ಲಿ ಏನು ನೋಡಬೇಕು?

ಸ್ಲೈಡ್‌ಮೇಜು | ಗುರುವಾರ, ಬೆಳಿಗ್ಗೆ 6:05

ಎರಡು ಮುದ್ದೆ! ಓದಿ ಕಣ್ಣು ತುಂಬಿತು ತಂಗಿ.

ರಿಪೋರ್ಟ್‌ನಲ್ಲಿ ‘ಮಾರ್ಜಿನ್’ ಅನ್ನೋ ಸಾಲು ಹುಡುಕಿ. ತೆಗೆದ ತುಂಡಿನ ಅಂಚಿನಲ್ಲಿ ಆ ಕೋಶಗಳು ಇವೆಯೋ ಇಲ್ಲವೋ ಅಂತ ಅಲ್ಲಿ ಬರೆದಿರುತ್ತಾರೆ. ‘ನೆಗೆಟಿವ್’ ಅಂತ ಇದ್ದರೆ ಅಂಚು ಶುದ್ಧ. ‘ಪಾಸಿಟಿವ್’ ಅಂತ ಇದ್ದರೂ ಗಾಬರಿ ಬೇಡ, ಮುಂದೇನು ಅಂತ ಡಾಕ್ಟರ್ ಹೇಳುತ್ತಾರೆ. ಏನೇ ಇದ್ದರೂ ಆರು ತಿಂಗಳ ಆಸುಪಾಸಿನಲ್ಲಿ ಮತ್ತೆ ಪರೀಕ್ಷೆಗೆ ಕರೆಯುತ್ತಾರೆ, ಅದನ್ನು ತಪ್ಪಿಸಬೇಡಿ. ಆ ತಾರೀಕನ್ನು ಈಗಲೇ ನಿಮ್ಮ ಲೆಕ್ಕದ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ.